ಹೂ ಬಿದ್ದ ಕಣ್ಣು

ಅವ್ವನ ಮಣ್ಣು ಮುಗಿಸಿ ಒಂದು ದಿನದ ಮಟ್ಟಿಗೆ ವಿಜಯಪುರದ ಜಲನಗರದ ನಮ್ಮ ಮನೆಗೆ ಬಂದಿದ್ದೆ. ಬಟ್ಟೆಬರೆ ತೆಗೆದುಕೊಂಡು ಮತ್ತೆ ತವರೂರು ಘೋಣಸಗಿಗೆ ಹೊರಟಾಗ ತಿಕೋಟಾದಲ್ಲಿ ಬಸ್ಸು ನಿಂತಿತು. ಕಿಟಕಿಯ ಹೊರಗೆ ಒಂದು ಫ್ಲೆಕ್ಸ್. ಗುಲಾಬಿ ರೇಷ್ಮೆ ಸೀರೆ, ಕೊರಳಲ್ಲಿ ಬೋರಮಾಳ, ಬಟ್ಟಲುಗಣ್ಣು. ಯಾರೋ ಸಾವಕಾರರ ಮನೆಯ ಹೆಣ್ಣುಮಗಳು ಹೋಗಿರಬೇಕು ಪಾಪ, ಎಂದುಕೊಂಡೆ. ‘ಭಾವಪೂರ್ಣ ಶ್ರದ್ಧಾಂಜಲಿ’ಯ ಕೆಳಗೆ ಬರೆದಿದ್ದ ಹೆಸರು ಓದಿದ ಮೇಲೆ ಗೊತ್ತಾಯಿತು, ಅದು ನಮ್ಮವ್ವ. ದುಃಖತಪ್ತರ ಸಾಲಿನಲ್ಲಿ ನನ್ನ ಹೆಸರೂ ಇತ್ತು.

ನಮ್ಮವ್ವ ಬೋರವ್ವನಿಗೆ ಒಂದು ಕಣ್ಣಿನಲ್ಲಿ ಹೂ ಬಿದ್ದಿತ್ತು. ಸಣ್ಣವಳಿದ್ದಾಗ ಹೊಲದಲ್ಲಿ ಜೋಳದ ರವದಿಯ ಒಣಗರಿ ಬಡಿದು, ಯಾರೋ ಎಲೆಯ ರಸ ಹಿಂಡಿ, ಕಣ್ಣಿನ ಕಪ್ಪಿನ ಮೇಲೆ ಬಿಳಿ ಪೊರೆ ಕೂತುಬಿಟ್ಟಿತ್ತು. ಅದನ್ನು ಅವಳು ಯಾರಿಗೂ ಸರಿಯಾಗಿ ತೋರಿಸಿದವಳಲ್ಲ. ಸೆರಗು ಹಣೆಯಿಂದ ಕೆಳಕ್ಕೆ ಇಳಿದಿರುತ್ತಿತ್ತು, ಮಾತಾಡುವಾಗ ತಲೆ ತಗ್ಗಿರುತ್ತಿತ್ತು. ಜನ ಅದನ್ನು ಮರ್ಯಾದೆ ಎಂದು ತಿಳಿದು ಶಂಕರೆಪ್ಪನ ಹೆಂಡತಿ ಭಾಳ ಸಭ್ಯಸ್ಥಳು ಎಂದು ಹೊಗಳುತ್ತಿದ್ದರು. ಯಾರಾದರೂ ಫೋಟೋ ತೆಗೆಯಲು ಮೊಬೈಲು ಎತ್ತಿದರೆ ಎರಡೂ ಕಣ್ಣು ಮುಚ್ಚಿ ನೆಲ ನೋಡುವಳು. ನನ್ನ ಮದುವೆಯ ಆಲ್ಬಮ್ಮಿನ ತುಂಬ ನಮ್ಮವ್ವ ನಿದ್ದೆ ಮಾಡುತ್ತಿದ್ದಾಳೆ. ಆಧಾರ್ ಕಾರ್ಡಿನಲ್ಲಿ ಮಾತ್ರ ಕಣ್ಣು ತೆರೆದಿದ್ದಳು. ಆದರೆ ಅಲ್ಲಿ ಅವಳ ಮುಖವೆಂದರೆ ಒಂದು ಮಸಿ ಮುದ್ದೆ, ಕಣ್ಣೆಂದರೆ ಎರಡು ತೂತು.

ಮನೆಗೆ ಹೋದವಳೇ ತಮ್ಮನನ್ನು ಹಿಡಿದುಕೊಂಡೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಇಡೀ ಘೋಣಸಗಿಗೆ ಗೊತ್ತು.

"ಏನೋ ಶ್ರೀಮಂತ, ಆ ಫ್ಲೆಕ್ಸಿನ್ಯಾಗ ಯಾರ ಹೇಂತಿನ್ನ ನಿಲ್ಲಿಸೀದಿ?"

"ಯಾಕಬೇ ಅಕ್ಕಾ, ಚೊಲೊ ಬಂದಿಲ್ಲೇನ? ವಿಜಾಪುರದ ಸ್ಟುಡಿಯೋದವ ಕಂಪ್ಯೂಟರಿನ್ಯಾಗ ಮಾಡ್ಯಾನ. ಮುಚ್ಚಿದ ಕಣ್ಣ ತಗಸ್ಯಾನ ನೋಡ. ಬಂದವರೆಲ್ಲಾ ಭಾಳ ಚಂದ ಐತಿ ಅಂತಾರ."

"ಅವ್ವನ ಕಣ್ಣ ಹಂಗಿದ್ವೇನೋ?"

"ಸತ್ತ ಮ್ಯಾಲರೆ ನೆಟ್ಟಗಿರ್ಲಿ ಬಿಡ," ಎಂದ.

ನನಗೆ ಮೈಯೆಲ್ಲ ಉರಿಯಿತು. ಅವನ ಮೇಲೆ ಅಷ್ಟಲ್ಲ, ಬಂದವರ ಮೇಲೆ. ಅವಳ ಕೈಯ ರೊಟ್ಟಿ ತಿಂದವರು, ಅವಳ ಜೊತೆ ದ್ರಾಕ್ಷಿ ಬಿಡಿಸಿದವರು, ಆ ಪರಕೀಯ ಕಣ್ಣುಗಳನ್ನು ನೋಡಿ ಹೌದೌದು ಬೋರವ್ವನೇ ಎನ್ನುತ್ತಿದ್ದರು. ಇನ್ನು ಐದಾರು ವರ್ಷ ಕಳೆದರೆ ನಮ್ಮವ್ವ ಹೇಗಿದ್ದಳು ಎಂದು ಕೇಳಿದವರಿಗೆಲ್ಲ ಆ ಫ್ಲೆಕ್ಸನ್ನೇ ತೋರಿಸುತ್ತಾರೆ ಎನ್ನಿಸಿ ಹೆದರಿಕೆಯಾಯಿತು. ವರ್ಷದ ಪುಣ್ಯತಿಥಿಯ ಹೊತ್ತಿಗೆ ಅವ್ವನ ಮುಖವನ್ನು ಇದ್ದಹಾಗೆ ನಾನೇ ಬರೆದು ತರುತ್ತೇನೆ ಎಂದು ಎಲ್ಲರ ಮುಂದೆ ಹೇಳಿದೆ. ಸಾಲೆಯಲ್ಲಿ ಚಿತ್ರಕಲೆಗೆ ಬಹುಮಾನ ಬಂದದ್ದು ಬಿಟ್ಟರೆ ನಾನು ಕುಂಚ ಹಿಡಿದವಳಲ್ಲ. ತಮ್ಮನ ಹೆಂಡತಿ ಕಸ್ತೂರಿ ಬಾಯಿಗೆ ಸೆರಗು ಹಚ್ಚಿ ನಕ್ಕಿದ್ದನ್ನು ನೋಡಿಯೂ ನೋಡದ ಹಾಗೆ ಇದ್ದೆ.

ಬಬಲೇಶ್ವರದ ಗುರುಪಾದಯ್ಯ ಮಾಸ್ತರರ ಹೆಸರನ್ನು ಹೇಳಿದವರು ನಮ್ಮ ಮನೆಯವರು. ಎಣ್ಣೆಬಣ್ಣದಲ್ಲಿ ಸತ್ತವರ ಚಿತ್ರ ಬರೆದೇ ಬಾಳುವೆ ಮಾಡಿದವರು ಅವರು. ಸುತ್ತಲಿನ ಹಳ್ಳಿಗಳ ಹಳೆಯ ಮನೆಗಳಲ್ಲಿ ದೇವರ ಕೋಣೆಯ ಬಾಗಿಲ ಮೇಲೆ ತೂಗುವ ಅಜ್ಜ ಅಜ್ಜಿಯರೆಲ್ಲ ಅವರ ಕೈಯವರೇ. ಮಸುಕಾದ ಒಂದು ಫೋಟೋ ಕೊಟ್ಟರೆ ಸಾಕು, ಬೋಳು ತಲೆಗೆ ರುಮಾಲು ಸುತ್ತಿ, ಬರಿಗೊರಳಿಗೆ ಬೋರಮಾಳ ಹಾಕಿ ಕೊಡುತ್ತಿದ್ದರು. "ಹಾಕ್ರಿ ಮಾಸ್ತರ, ಬಣ್ಣದ ಬಂಗಾರ ಅಲ್ಲೇನ್ರಿ ಅಂತಾರ ತಂಗಿ. ಹಾಕೂದು ನಾನು," ಎಂದು ಅವರೇ ನಗುತ್ತ ಹೇಳಿದರು. ಈಗ ಕೈ ನಡುಗುತ್ತದೆ, ಕೆಲಸ ಬಿಟ್ಟಿದ್ದರು.

"ಫೋಟೋ ತಂದೀಯೇನ?"

"ಫೋಟೋ ಇಲ್ರಿ. ಮಾರಿ ನನ್ನ ತಲ್ಯಾಗ ಐತಿ. ಬರಿಯೂದು ಕಲಸ್ರಿ."

ಮಾಸ್ತರರು ಪಡಸಾಲೆಯ ಒಳಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಆಳೆತ್ತರದ ಚೌಕಟ್ಟಿನಲ್ಲಿ ಒಬ್ಬ ಹೆಂಗಸು ಕುರ್ಚಿಯ ತೋಳಿನ ಮೇಲೆ ಕೈಯಿಟ್ಟು ಕೂತಿದ್ದಳು. ಹಸಿರು ಇಳಕಲ್ ಸೀರೆ, ಮೂಗಿನಲ್ಲಿ ನತ್ತು. ನಾನು ಎಲ್ಲಿ ಸರಿದರೂ ಅವಳು ನನ್ನನ್ನೇ ನೋಡುತ್ತಿದ್ದಳು.

"ನೀಲಾಬಾಯಿ ಅಂತ, ಜೈನಾಪುರದ ವಾಡೇದಾಕಿ. ನಮ್ಮ ಗುರುಗಳ ಗುರು ಬರದದ್ದು. ಮುಂಬಯಿದಾಗ ಕಲತು ಬಂದಿದ್ರಂತ. ನಾ ಕಲತದ್ದೂ ಈಕಿನ್ನ ನೋಡೇ. ಮೊದಲ ಈಕಿನ್ನ ಬರಿ."

"ನನಗ ನಮ್ಮವ್ವ ಬೇಕ್ರಿ, ಈಕಿನ್ನ ತಗೊಂಡು ಏನ ಮಾಡ್ಲಿ?"

"ಅವ್ವನ್ನ ಮೊದಲ ಬರದ್ರ ಅಳೂದಾಗತೈತಿ, ಬರಿಯೂದಾಗಂಗಿಲ್ಲ. ನಿನಗ ಏನೂ ಅಲ್ಲದಾಕಿ ಮ್ಯಾಲ ಕೈ ಕೂಡ್ಲಿ."

ಆ ವಾಡೆಯ ದೊಡ್ಡ ಮನೆತನ ಪಾಲಾದಾಗ ಅಣ್ಣತಮ್ಮಂದಿರು ಹಂಡೆ, ಮಂಚ, ಬಾಗಿಲುವಾಡಕ್ಕೆಲ್ಲ ಜಗಳಾಡಿದರಂತೆ. ನೀಲಾಬಾಯಿಯನ್ನು ಮಾತ್ರ ಯಾರೂ ಕೇಳಲಿಲ್ಲವಂತೆ. ಕಾಳು ತುಂಬುವ ಹಗೇವಿನ ಹತ್ತಿರ ಬಿದ್ದಿದ್ದವಳನ್ನು ಮಾಸ್ತರರು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು. ಚಿತ್ರದ ಮೂಲೆಯಲ್ಲಿದ್ದ ಸಹಿಯನ್ನು ಗೆದ್ದಲು ತಿಂದಿತ್ತು.

ಅಂದಿನಿಂದ ಭಾನುವಾರವೆಂದರೆ ನನಗೆ ಬಬಲೇಶ್ವರದ ಬಸ್ಸು. ಮೊದಲು ಚೌಕ ಗೆರೆ ಹಾಕಿ ನೀಲಾಬಾಯಿಯ ಮುಖವನ್ನು ಇಳಿಸಿಕೊಳ್ಳಬೇಕು. ಮೇಲೆ ಮಣ್ಣಿನ ಬಣ್ಣವೊಂದರಲ್ಲೇ ತೆಳ್ಳಗೆ ನೆರಳು ಹಚ್ಚಿ, ಬೆಳಕು ಬೇಕಾದಲ್ಲಿ ಚಿಂದಿಯಿಂದ ಒರೆಸಬೇಕು. ಅದು ಒಣಗುವ ತನಕ ಕಾಯಬೇಕು. ಕಾಯುವುದು ನನ್ನ ಸ್ವಭಾವವಲ್ಲ. ಹಸಿಯ ಮೇಲೆಯೇ ಬಣ್ಣ ಹಾಕಿ ಮುಖವನ್ನು ರಾಡಿ ಮಾಡಿ ಬೈಸಿಕೊಂಡೆ. ಬಣ್ಣಕ್ಕೆ ಬೆರೆಸುವುದು ಅಗಸಿ ಎಣ್ಣೆ ಎಂದು ಗೊತ್ತಾದಾಗ ನಗು ಬಂತು. ಅದೇ ಅಗಸಿಯ ಚಟ್ನಿ ರೊಟ್ಟಿಗೆ ಹಚ್ಚಿಕೊಂಡು ತಿಂದು ಬೆಳೆದವಳು ನಾನು. ಮೊದಲ ಪದರಕ್ಕೆ ಎಣ್ಣೆ ಕಡಿಮೆ, ಮೇಲಮೇಲಕ್ಕೆ ಹೆಚ್ಚು, ಇಲ್ಲದಿದ್ದರೆ ಮುಂದೆ ಬಿರಿಯುತ್ತದೆ. ಕೆನ್ನೆಯ ನೆರಳಿಗೆ ಹಸಿರು ಬೇಕು ಎಂದಾಗ ನಾನು ನಂಬಲಿಲ್ಲ. ನಮ್ಮ ಮನೆಯವರನ್ನು ಬಿಸಿಲಿಗೆ ಕೂಡಿಸಿ ನೋಡಿದೆ. ಗಡ್ಡದ ಕೆಳಗೆ ನಿಜವಾಗಿಯೂ ಹಸಿರಿತ್ತು. "ಮದಿವ್ಯಾಗಿ ಇಷ್ಟ ವರ್ಷ ಆತು, ಈಗ ನೋಡಾಕತ್ತೀಯೇನ ನನ್ನ ಮಾರಿ," ಎಂದರು ಅವರು.

ಮಾಸ್ತರರ ಮನೆಯಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಕನ್ನಡಿ. ಬರೆದದ್ದನ್ನು ಆಗಾಗ ಕನ್ನಡಿಯಲ್ಲಿ ಹಿಡಿದು ನೋಡಬೇಕು. ನೇರವಾಗಿ ನೋಡಿದರೆ ಕಣ್ಣಿಗೆ ರೂಢಿಯಾಗಿ ಕಾಣದ ತಪ್ಪು, ಎಡಬಲ ತಿರುವಿದಾಗ ಎದ್ದು ಕಾಣುತ್ತದೆ. ಇನ್ನೊಂದು, ಕಣ್ಣಿನ ಬೆಳಕು. ಕಣ್ಣಿನ ಕಪ್ಪಿನ ಮೇಲೆ ಸಾಸಿವೆಯಷ್ಟು ಬಿಳಿ ಇಟ್ಟ ಮೇಲೆಯೇ ಮುಖಕ್ಕೆ ಜೀವ ಬರುವುದು. ಆ ಬಿಳಿಯನ್ನು ಅವರು ತಮ್ಮ ಮನೆಯಲ್ಲಿ ಇಡುತ್ತಿರಲಿಲ್ಲ. ಚಿತ್ರವನ್ನು ಆಯಾ ಮನೆಗೆ ಒಯ್ದು, ಪೂಜೆಯ ದಿನ, ಮನೆಯ ಹಿರಿಯರನ್ನು ಎದುರಿಗೆ ಕೂಡಿಸಿಕೊಂಡು ಕಣ್ಣು ತೆರೆಸುತ್ತಿದ್ದರು. ತೆರೆದ ಕಣ್ಣು ಮೊದಲು ಕಾಣುವುದು ತನ್ನ ಮಂದಿಯನ್ನೇ ಆಗಿರಬೇಕು ಎಂದು ಅವರ ಗುರುಗಳು ಹೇಳಿದ್ದರಂತೆ.

ನೀಲಾಬಾಯಿಯನ್ನು ಮೂರು ಸಲ ಬರೆದೆ. ಮೊದಲನೆಯವಳು ಗಂಡಸಿನಂತಿದ್ದಳು. ಎರಡನೆಯವಳಿಗೆ ಹಲ್ಲುನೋವು. ಮೂರನೆಯವಳನ್ನು ಮಾಸ್ತರರು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿ, "ಹೂಂ, ಇನ್ನ ನಿಮ್ಮವ್ವನ್ನ ಕರಿ," ಎಂದರು. ಅವತ್ತು ವಿಜಯಪುರಕ್ಕೆ ಮರಳುವ ಬಸ್ಸಿನಲ್ಲಿ ನಾನು ಇಷ್ಟು ದಿನದಲ್ಲಿ ಮೊದಲ ಸಲ ಖುಷಿಯಾಗಿದ್ದೆ.

ಕರೆದರೆ ಬರಬೇಕಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಹೊಸ ಕ್ಯಾನ್ವಾಸಿನ ಎದುರು ಕೂತು ಅವ್ವ ಎಂದರೆ ನೀಲಾಬಾಯಿಯ ಮೂಗು ಬರುತ್ತಿತ್ತು. ಒರೆಸಿ ಮತ್ತೆ ಬರೆದರೆ ನೀಲಾಬಾಯಿಯ ತುಟಿ. ಕೈ ತಾನು ಕಲಿತ ದಾರಿಯಲ್ಲೇ ಓಡುತ್ತಿತ್ತು. ಬಬಲೇಶ್ವರಕ್ಕೆ ಒಯ್ದು ತೋರಿಸಿದೆ. "ಇದು ನಮ್ಮ ಮನ್ಯಾಗ ಕುಂತಾಕಿನ್ನ ಕರಕೊಂಡ ಬಂದಿದಿ ಅಲ್ಲ ತಂಗಿ," ಎಂದು ಮಾಸ್ತರರು ಕತ್ತಿಯ ಬೆನ್ನಿನಿಂದ ಹಸಿ ಬಣ್ಣವನ್ನೆಲ್ಲ ಕೆರೆದು ಹಾಕಿದರು. ನನಗೆ ಅಳು ಬಂತು. ಅಳುತ್ತಲೇ, ಅವ್ವ ಸೆರಗಿಲ್ಲದೆ ಇದ್ದದ್ದು ಯಾವಾಗ ಎಂದು ನೆನಪು ಮಾಡಿಕೊಂಡೆ. ನನಗೆ ಹೆಳಲು ಹಾಕುವಾಗ. ಮುಂಜಾನೆ ತಾನು ತಲೆಗೆ ನೀರು ಹಾಕಿಕೊಂಡು, ಕೂದಲು ಹರವಿಕೊಂಡೇ, ಬೆಳಕಿಂಡಿಯ ಕೆಳಗೆ ನನ್ನನ್ನು ಮುಂದೆ ಕೂಡಿಸಿಕೊಳ್ಳುತ್ತಿದ್ದಳು. ಗೋಡೆಯ ಕನ್ನಡಿಯಲ್ಲಿ ನನ್ನ ತಲೆಯ ಮೇಲೆ ಅವಳ ಮುಖ. ಹಣೆಯ ಗೆರೆ, ಹಲ್ಲಿನಲ್ಲಿ ಕಚ್ಚಿಕೊಂಡ ರಿಬ್ಬನ್ನು, ಬಿಳಿ ಹೂ ಬಿದ್ದ ಆ ಕಣ್ಣು. ಆ ಹೊತ್ತಿನಲ್ಲಿ ಮಾತ್ರ ಅವಳು ತಲೆ ಎತ್ತಿರುತ್ತಿದ್ದಳು. ಅದು ನೆನಪಾದ ಮೇಲೆ ಕೈ ದಾರಿಗೆ ಬಂತು.

ಮುಖ ಮೂಡುತ್ತ ಬಂದ ಹಾಗೆ ನನಗೆ ಹಸಿವೆ ನಿದ್ದೆ ಬೇಡವಾಯಿತು. ಸಿಟ್ಟು ಕೂಡ ಇಳಿದಿತ್ತು. ಹೂ ಬಿದ್ದ ಕಣ್ಣನ್ನು ಬರೆಯುವುದು ಹೇಗೆಂದು ಮಾಸ್ತರರನ್ನು ಕೇಳಿದಾಗ ಅವರು ಬಹಳ ಯೋಚಿಸಿದರು. ಜೀವಮಾನದಲ್ಲಿ ಅಂಥದೊಂದು ಕಣ್ಣನ್ನು ಬರೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. "ಚೊಲೊ ಕಣ್ಣಾಗ ಬೆಳಕು ಒಳಗ ಹೋಗತೈತಿ. ಇದರಾಗ ಮ್ಯಾಲ ಕುಂತಿರತೈತಿ. ಬಿಳಿ ಹಾಕಬ್ಯಾಡ, ಬೂದಿ ಬಣ್ಣದಾಗ ಸ್ವಲ್ಪ ನೀಲಿ ಕೂಡಸು," ಎಂದರು. ಕೂಡಿಸಿದೆ. ಚಿತ್ರದಲ್ಲಿ ನನ್ನ ಎಡಗೈ ಕಡೆ ಬರುವ ಕಣ್ಣಿನ ಮೇಲೆ ಆ ಪೊರೆ ತಣ್ಣಗೆ ಕೂತಿತು. ಕನ್ನಡಿಯಲ್ಲಿ ಹಿಡಿದು ನೋಡಿದೆ. ಅವ್ವ ಬಂದಿದ್ದಳು.

ಆ ಕಣ್ಣು ಬರೆದ ಸುದ್ದಿ ತಮ್ಮನಿಗೆ ಹೇಗೋ ಮುಟ್ಟಿತು. ಮಾರುಕಟ್ಟೆಗೆ ಒಣದ್ರಾಕ್ಷಿಯ ಸ್ಯಾಂಪಲ್ ತಂದವನು ನಮ್ಮ ಮನೆಗೆ ಬಂದ. ಚಹಾ ಕುಡಿದು, ಹಿಂದಿನ ಕೋಣೆಗೆ ಹೋಗಿ ನೋಡಿ, ಹೊರಗೆ ಬಂದು ಚಪ್ಪಲಿಯಲ್ಲಿ ಕಾಲಿಟ್ಟುಕೊಂಡು ನಿಂತ.

"ಅಕ್ಕಾ, ಆ ಕಣ್ಣ ಬರೀಬ್ಯಾಡ."

"ಇದ್ದದ್ದ ಬರದೇನಿ."

"ಇತ್ತಬೇ, ಇಲ್ಲ ಅಂದವರ್ಯಾರು. ಅವ್ವ ಜಲಮಾ ಪೂರ್ತಿ ಮುಚ್ಚಿಟಗೊಂಡ ಅಡ್ಡ್ಯಾಡಿದಳು. ನೀ ಅದನ್ನ ತಗದು ಬಂದವರಿಗೆಲ್ಲಾ ಕಾಣೂಹಂಗ ಗ್ವಾಡಿಗೆ ತೂಗ ಹಾಕ್ತೀಯಲ್ಲ. ಆಕಿನ್ನ ಕೇಳೀಯೇನ?"

ಎದುರು ಮಾತಾಡದೆ ಬಿಟ್ಟವಳಲ್ಲ ನಾನು. ಅವತ್ತು ಮಾತ್ರ ಅವನ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅವ್ವ ಬದುಕಿದ್ದರೆ ಆ ಚಿತ್ರವನ್ನು ಒಲೆಗೆ ಹಾಕುತ್ತಿದ್ದಳೇನೋ. ಅವನು ಹೋದ ಮೇಲೆ ಒಂದು ವಾರ ಆ ಕೋಣೆಯ ಬಾಗಿಲು ತೆರೆಯಲಿಲ್ಲ. ಕಡೆಗೆ ತಡೆಯಲಾರದೆ ಅಪ್ಪನಿಗೆ ಫೋನು ಹಚ್ಚಿದೆ. ಅಪ್ಪ ಶಂಕರೆಪ್ಪ ಫೋನಿನಲ್ಲಿ ಮಾತಾಡುವವನಲ್ಲ. ಊಟ ಆಯಿತೇನು, ಮಳೆ ಆಯಿತೇನು ಎಂದು ಕೇಳಿ ಕಸ್ತೂರಿಯ ಕೈಗೆ ಕೊಟ್ಟುಬಿಡುತ್ತಾನೆ. ಅವತ್ತು ಪೂರ್ತಿ ಕೇಳಿಸಿಕೊಂಡ.

"ಹೆಂಗಿದ್ಲೋ ಹಂಗ ಬರಿಯವಾ," ಎಂದ. "ನನ್ನ ಮುಂದ ಆಕಿ ಮುಚ್ಚಿಕೊಂಡಿಲ್ಲ. ನಾ ನೋಡೇನಲ್ಲ, ನನಗ ಬೇಕು."

ಆ ಮಾತು ಸಿಕ್ಕ ಮೇಲೆ ನಾನು ಯಾರನ್ನೂ ಲೆಕ್ಕಕ್ಕಿಡಲಿಲ್ಲ.

ಪುಣ್ಯತಿಥಿಯ ಮುಂಜಾನೆ ಕಾರಿನ ಹಿಂದಿನ ಸೀಟಿನಲ್ಲಿ ಅವ್ವನನ್ನು ಒರಗಿಸಿಕೊಂಡು, ಅಲುಗಾಡದಂತೆ ಹಿಡಿದುಕೊಂಡು ಕೂತೆ. ನಮ್ಮ ಮನೆಯವರು ಗುಂಡಿ ಕಂಡಲ್ಲೆಲ್ಲ ನಿಧಾನ ಮಾಡುತ್ತ ಗೊಣಗಿದರು. ಮಾಸ್ತರರನ್ನು ಕರೆದಿದ್ದೆ, ಮೊಣಕಾಲು ನೋವೆಂದು ಬರಲಿಲ್ಲ. "ಬೆಳಕು ನೀನ ಇಡು. ಕೈ ನಡಗೂದು ನನ್ನದು, ನಿಂದಲ್ಲ," ಎಂದು ತಮ್ಮ ಸಣ್ಣ ಕುಂಚವನ್ನು ಕೊಟ್ಟು ಕಳಿಸಿದ್ದರು.

ಶ್ರೀಮಂತ ಹಳೆಯ ಮನೆ ಕೆಡವಿ ಕಟ್ಟಿಸಿದ ಹೊಸ ಮನೆಯ ಹಾಲಿನಲ್ಲಿ ಜನ ಸೇರಿದ್ದರು. ಮಠದ ಅಯ್ಯನವರು ಬಂದು ಪಾದಪೂಜೆ ಮುಗಿದಿತ್ತು. ಒಳಗೆ ಹುಗ್ಗಿಯ ಪಾತ್ರೆ ಇಳಿಸುತ್ತಿದ್ದರು. ಚಿತ್ರವನ್ನು ಮೇಜಿನ ಮೇಲೆ ಇಟ್ಟು, ಮುಚ್ಚಿದ ಬಟ್ಟೆ ತೆಗೆದೆ. ಕೂತವರು ಎದ್ದು ಮುಂದೆ ಬಂದರು. ಆಮೇಲೆ ಯಾರೋ ಮುದುಕಿ ಸಣ್ಣಗೆ, "ಬೋರವ್ವ ಬಂದಳ ನೋಡ," ಎಂದು ಅಳತೊಡಗಿದಳು. ಅವಳನ್ನು ನೋಡಿ ಇನ್ನಿಬ್ಬರು ಅತ್ತರು. ಶ್ರೀಮಂತನ ಮುಖ ಕೂಡ ಸಣ್ಣದಾಯಿತು. ನನ್ನ ಎದೆ ಉಬ್ಬಿತು, ಅದನ್ನೇಕೆ ಮುಚ್ಚಿಡಲಿ. ಒಂದು ವರ್ಷ ಇದಕ್ಕಾಗಿಯೇ ಕಾದಿದ್ದೆ.

ಅಪ್ಪನನ್ನು ಎದುರಿಗೆ ಕುರ್ಚಿಯಲ್ಲಿ ಕೂಡಿಸಿದೆವು. ಹೊಸ ಧೋತರ, ತಲೆಗೆ ಹಳದಿ ರುಮಾಲು. ನಾನು ಕುಂಚದ ತುದಿಗೆ ಬಿಳಿ ತೆಗೆದುಕೊಂಡು ಚೆನ್ನಾಗಿದ್ದ ಕಣ್ಣಿನ ಹತ್ತಿರ ಒಯ್ದೆ.

"ತಡಿಯವಾ," ಎಂದ ಅಪ್ಪ.

ಎದ್ದು ಬಂದು ಚಿತ್ರದ ಎದುರು ಬಗ್ಗಿ ನಿಂತ. ಬೂದಿ ಬಣ್ಣದ ಆ ಕಣ್ಣಿನ ಕಡೆ ಬೆರಳು ತೋರಿಸಿದ. ಮುಟ್ಟಲಿಲ್ಲ.

"ಈ ಕಣ್ಣಿಲೆ ಆಕಿ ನನ್ನ ನೋಡತಿದ್ಲು."

ನನಗೆ ತಿಳಿಯಲಿಲ್ಲ. "ಏನಪ್ಪಾ?" ಎಂದೆ.

"ಇದು ಚೊಲೊ ಕಣ್ಣವಾ. ಹೂ ಬಿದ್ದದ್ದು ಆ ಕಡೇದು."

"ಏ, ಬಿಡ ಯಪ್ಪಾ," ಎಂದ ಶ್ರೀಮಂತ. "ಇದ ಇತ್ತು. ಅವ್ವಂದು ಬಲಗಣ್ಣು ಹೋಗಿತ್ತು." ಹೇಳುತ್ತ ತನ್ನ ಕಣ್ಣನ್ನು ಮುಟ್ಟಿಕೊಂಡ. ಮುಟ್ಟಿಕೊಂಡದ್ದು ಎಡಗಣ್ಣು. ಕೈ ಬದಲಿಸಿದ. ಮತ್ತೆ ಚಿತ್ರ ನೋಡಿ, ಎದುರಿಗಿದ್ದವರ ಬಲ ನಮ್ಮ ಎಡವಾಗುತ್ತದೆ ಎಂದು ಬೆನ್ನು ತಿರುಗಿಸಿ ನಿಂತು ಲೆಕ್ಕ ಹಾಕಿದ. ಅಳುತ್ತಿದ್ದ ಮುದುಕಿ ಎಡಗಣ್ಣೇ ಎಂದಳು. ಅವಳ ಪಕ್ಕದವಳು, ಅಲ್ಲ, ಹೊಲದಲ್ಲಿ ನನ್ನ ಈ ಕಡೆ ಕೂಡುತ್ತಿದ್ದಳು, ಬಲಗಣ್ಣೇ, ಎಂದಳು. ಹಾಲಿನ ತುಂಬ ಹೆಂಗಸರು ಗಂಡಸರು ತಮ್ಮತಮ್ಮ ಕಣ್ಣಿನ ಮೇಲೆ ಕೈಯಿಟ್ಟುಕೊಂಡು ಒಬ್ಬರನ್ನೊಬ್ಬರು ತಿರುಗಿಸುತ್ತಿದ್ದರು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಕಸ್ತೂರಿ, ನೀ ಹೇಳ," ಎಂದೆ. "ಇಪ್ಪತ್ತ ವರ್ಷ ಒಂದ ಒಲಿ ಮುಂದ ಕುಂತೀದಿ."

ಕಸ್ತೂರಿ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದಳು. "ನಾ ಅತ್ತಿಯವರ ಮಾರಿ ಎತ್ತಿ ನೋಡಿಲ್ರಿ ಅಕ್ಕಾರ," ಎಂದಳು. "ಅವರೂ ತಗ್ಗಸತಿದ್ರು, ನಾನೂ ತಗ್ಗಸತಿದ್ನಿ."

ಆಧಾರ್ ಕಾರ್ಡು ತಂದರು. ಅದರಲ್ಲಿ ಎರಡು ತೂತುಗಳಿದ್ದವು.

ಆಗ ನನಗೆ ಗೋಡೆಯ ಕನ್ನಡಿ ಹೊಳೆಯಿತು. ಹೆಳಲು ಹಾಕುವಾಗ ನಾನು ಅವ್ವನನ್ನು ನೋಡಿದ್ದು ತಿರುಗಿಯಲ್ಲ, ಕನ್ನಡಿಯಲ್ಲಿ. ಕನ್ನಡಿಯಲ್ಲಿ ಕಂಡ ಮುಖವನ್ನೇ ನಾನು ಎದುರಿಗಿನ ಮುಖವೆಂದು ಬರೆದಿದ್ದರೆ ಅಪ್ಪ ಹೇಳಿದ್ದು ಸರಿ, ಕಣ್ಣು ಅದಲುಬದಲಾಗಿದೆ. ಆದರೆ ಅದೊಂದೇ ನೆನಪಲ್ಲ. ಜ್ವರ ಬಂದಾಗ ನನ್ನ ಮೇಲೆ ಬಗ್ಗಿದ ಮುಖವೂ ಇತ್ತು, ಹೆರಿಗೆಯಾದಾಗ ದವಾಖಾನೆಯಲ್ಲಿ ತಲೆ ಸವರಿದ ಮುಖವೂ ಇತ್ತು. ಬರೆಯುವಾಗ ಅವೆಲ್ಲ ಒಂದರಲ್ಲೊಂದು ಕೂಡಿಕೊಂಡಿದ್ದವು. ಅದರ ಮೇಲೆ ತಿಂಗಳುಗಟ್ಟಲೆ ಚಿತ್ರವನ್ನು ಕನ್ನಡಿಗೆ ಹಿಡಿಹಿಡಿದು ನೋಡಿದ್ದೆ. ಅಲ್ಲಿ ಹೂ ಆ ಕಡೆ, ಇಲ್ಲಿ ಈ ಕಡೆ, ಎರಡರಲ್ಲೂ ಅವ್ವ ಅವ್ವನ ಹಾಗೆಯೇ ಕಂಡಿದ್ದಳು. ಈಗ ಕಣ್ಣು ಮುಚ್ಚಿದರೆ ಹೂ ಎರಡೂ ಕಡೆ ಓಡಾಡುತ್ತಿತ್ತು. ನನಗೆ ಗೊತ್ತಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆಂದು ಊರ ಮುಂದೆ ಹಾರಾಡಿದವಳಿಗೆ, ಹಡೆದವ್ವನ ಯಾವ ಕಣ್ಣು ಕುರುಡು ಎಂದು ಗೊತ್ತಿರಲಿಲ್ಲ.

"ಎರಡೂ ಚೊಲೊ ಮಾಡಿ ಮುಗಸಬೇ ಅಕ್ಕಾ," ಎಂದ ಶ್ರೀಮಂತ. ಈ ಸಲ ಅವನ ದನಿಯಲ್ಲಿ ಜಗಳವಿರಲಿಲ್ಲ. "ಅಯ್ಯನವರು ಕಾಯಾಕತ್ಯಾರ. ಮಂದಿ ಊಟಕ್ಕ ಕುಂದರಬೇಕು."

ಅದು ನನಗೆ ಕಷ್ಟದ ಕೆಲಸವೂ ಆಗಿರಲಿಲ್ಲ. ನೀಲಾಬಾಯಿಯ ಕಣ್ಣನ್ನು ನಾನು ನಿದ್ದೆಯಲ್ಲೂ ಬರೆಯಬಲ್ಲೆ. ಕುಂಚ ಕೆಳಗಿಟ್ಟೆ.

ಅಪ್ಪ ಮತ್ತೆ ಕುರ್ಚಿಯಲ್ಲಿ ಕೂತಿದ್ದ. ಅವನ ಎದುರು ನೆಲದ ಮೇಲೆ ಕೂತು ಅವನ ಮೊಣಕಾಲು ಹಿಡಿದುಕೊಂಡೆ. ಒಬ್ಬನಾದರೂ ಬಲ್ಲವನಿದ್ದಾನಲ್ಲ ಎಂದು ಜೀವಕ್ಕೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಬಣ್ಣ ಮೇಲಿನದು ಇನ್ನೂ ಹಸಿಯಿತ್ತು, ಕೆರೆದು ತಿದ್ದಿದರಾಯಿತು. ನಾನು ಸೋತರೆ ಏನಂತೆ.

"ಯಪ್ಪಾ, ನನ್ನ ಮಾರಿ ಅವ್ವನ ಮಾರಿ ಅಂತ ತಿಳಕೊ," ಎಂದು ನನ್ನ ಒಂದು ಕಣ್ಣಿಗೆ ಅಂಗೈ ಮುಚ್ಚಿಕೊಂಡೆ. "ಇದೋ?" ಕೈ ಬದಲಿಸಿದೆ. "ಇದೋ?"

ಅಪ್ಪ ನನ್ನನ್ನು ನೋಡಿದ. ಆಮೇಲೆ ನನ್ನ ಹೆಗಲ ಮೇಲಿಂದ ಚಿತ್ರವನ್ನು ನೋಡಿದ. "ಕಟ್ಟಿ ಮ್ಯಾಲ ನಾ ಇಲ್ಲಿ ಕುಂತ್ರ ಆಕಿ ಇಲ್ಲಿ ಕೂಡತಿದ್ಲು," ಎಂದು ಕುರ್ಚಿಯ ಒಂದು ಬದಿಯನ್ನು ತಟ್ಟಿದ. "ಚೊಲೊ ಕಣ್ಣ ನನ್ನ ಕಡೆ ಇರತಿತ್ತು." ತಡೆದು, ಇನ್ನೊಂದು ಬದಿಯನ್ನು ತಟ್ಟಿದ. "ಇಲ್ಲಿ. ಬಾಗಲಾ ಈ ಕಡೆ ಇತ್ತಲ್ಲ." ಬಾಗಿಲು ಯಾವ ಕಡೆ ಇತ್ತೆಂದು ಆ ಹೊಸ ಮನೆಯೊಳಗೆ ಸುತ್ತ ನೋಡಿದ. ಹಳೆಯ ಕಟ್ಟೆಯೂ ಇಲ್ಲ, ಬಾಗಿಲೂ ಇಲ್ಲ. ಮತ್ತೆ ಚಿತ್ರ ನೋಡಿದ. ಅವನ ಬೆರಳು ಮೇಲೇಳುತ್ತ, ಅರ್ಧಕ್ಕೆ ನಿಂತು, ಮಡಿಲಿಗೆ ಇಳಿಯಿತು.

"ನೀ ಈಗ ಹೇಳಿದಿ ಅಲ್ಲಪ್ಪಾ. ಆ ಕಡೇದು ಅಂದಿ."

"ಅಂದ್ನಿ."

"ಮತ್ತ?"

ಅಪ್ಪ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಕಣ್ಣು ಮುಚ್ಚಿ ಕೂತ. ರೆಪ್ಪೆಗಳ ಕೆಳಗೆ ಗುಡ್ಡೆ ಅತ್ತಿತ್ತ ಸರಿಯುವುದು ಕಾಣುತ್ತಿತ್ತು. ನಾನು ಕಾದೆ.

"ಮುಂಜಾನಿತನಾ ಗೊತ್ತಿತ್ತವಾ," ಎಂದ. "ವರ್ಷಾತು, ದಿನಾ ಕಣ್ಣ ಮುಚ್ಚಿದ ಕೂಡ್ಲೆ ಬರತಿದ್ಲು. ಈಗ ಮುಚ್ಚಿದ್ರ ಇದ ಬರಾಕತ್ತೈತಿ." ಕಣ್ಣು ತೆರೆಯದೆಯೇ ಚಿತ್ರದ ಕಡೆ ಕೈ ಮಾಡಿದ.

ನಾನು ಎದ್ದು ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆ. ಅವ್ವ ಪೂರ್ತಿ ಉಳಿದದ್ದು ಅವನೊಬ್ಬನ ಹತ್ತಿರ. ಅಲ್ಲಿಂದಲೂ ಅವಳನ್ನು ಅಳಿಸಿದವಳು ನಾನು.

"ಹಂಗ ಇನ್ನ ಸ್ವಲ್ಪ ಕಣ್ಣ ಮುಚ್ಚಕೊಂಡಿರ ಯಪ್ಪಾ," ಎಂದೆ. "ಈಗ ಅದನ್ನ ತಿರುವೇ ಇಟ್ಟೇನಿ. ಬರ್ತಾಳ, ನೋಡ."

ಅಪ್ಪ ತಲೆಯಾಡಿಸಿದ. ಮುಚ್ಚಿದ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡ.